ಕಾಗದದ ಮೇಲೆ ನೂರು ಚುಕ್ಕೆ

ಡಾಕ್ಟರ್ ಹುಡುಗಿ ಚುಕ್ಕೆ ಇಟ್ಟಳು, ಸಾಲಿಗೆ ಹತ್ತರಂತೆ ಹತ್ತು ಸಾಲು;
ಎಳೆ ಎಳೆಯಲಿಲ್ಲ.
"ನಿಮ್ಮಂಥ ನೂರು ಗಂಡಸರು ಅಂದ್ಕೊಳ್ಳಿ, ದೋನ್ ಬೆಲಾರ್ಮಿನೊ."
ಅಂದುಕೊಂಡೆ.
ಕಾಸ್ತ್ರೊ ಆಸ್ಪತ್ರೆಯ ಉದ್ದ ಬೆಂಚಿನಲ್ಲಿ ನೂರೂ ಮಂದಿ
ಉಣ್ಣೆಟೋಪಿ ಕಳಚಿ ತೊಡೆಯ ಮೇಲಿಟ್ಟುಕೊಂಡು ಕೂತರು.

ಅಕ್ರೋಟಿನಷ್ಟು ಗ್ರಂಥಿ, ಪ್ರಾಸ್ಟೇಟ್ ಅಂತೆ.
ಅರವತ್ತೇಳು ವರ್ಷ ಅದು ಎಲ್ಲಿದೆಯೆಂದೇ ಕೇಳಿರಲಿಲ್ಲ ನಾನು.
ಏಡಿ ಹಿಡಿದು ಮಾರುವ ದ್ವೀಪದವನಿಗೆ
ಅದರೊಳಗೊಂದು ಏಡಿಗಂತಿ.

ಹದಿನೈದು ವರ್ಷದ ಲೆಕ್ಕ ಇದು, ಎಂದಳು.
ಕೊಯ್ದರೂ ಮೂವರು, ಕಾದು ನೋಡಿದರೂ ಮೂವರು,
ಹೆಚ್ಚುಕಡಿಮೆ ಅಷ್ಟೇ ಜನ ಇದರಿಂದ ಸಾಯುತ್ತಾರೆ.
ಕಾದರೆ ಬೇರೆ ಕಡೆ ಹಬ್ಬುವುದು ಒಂಬತ್ತು ಜನಕ್ಕೆ, ಕೊಯ್ದರೆ ಐವರಿಗೆ.
ಕೆಂಪು ಪೆನ್ನು ಮುಚ್ಚಿ ನೀಲಿ ತೆರೆದಳು:
ಕೊಯ್ದವರಲ್ಲಿ ಇಷ್ಟು ಜನರ ಚಡ್ಡಿ ಒದ್ದೆ, ಇಷ್ಟು ಜನರ
(ಇಲ್ಲಿ ದನಿ ಸ್ವಲ್ಪ ತಗ್ಗಿತು,
ನನ್ನ ಕಿರಿಮಗಳ ವಯಸ್ಸಿನವಳು)
ಹಾಸಿಗೆಯ ಸುಖ.
ನೀಲಿ ಬಹಳ ಖರ್ಚಾಯಿತು.

"ಇದರಲ್ಲಿ ನಾನು ಯಾವ ಚುಕ್ಕೆ?" ಎಂದೆ.
"ಅದೊಂದು ಈ ಕಾಗದಕ್ಕೆ ಗೊತ್ತಿಲ್ಲ."

ನಾನು ದೋಣಿಯ ಬಿರುಕು ತುಂಬುವವನು.
ನಲವತ್ತೊಂಬತ್ತು ವರ್ಷ, ಹಲಗೆ ಹಲಗೆಯ ನಡುವೆ
ಅಲೆರ್ಸೆ ಮರದ ನಾರು ತುರುಕಿ, ಉಳಿಯಿಟ್ಟು, ಕೊಡತಿಯಿಂದ ಬಡಿದಿದ್ದೇನೆ.
ಚಿಲೊಯೆಯ ಈ ಮಗ್ಗುಲಲ್ಲಿ
ಸೋರುತ್ತಿದೆ ಅಂದರೆ ನನ್ನ ಹೆಸರು ಹೇಳುತ್ತಾರೆ.
ಈಗ ನಾನೇ ಸೋರಬಹುದು, ನೂರರಲ್ಲಿ ಇಷ್ಟು.
ನಗು ಬಂತು. ನೀರು ಬೇಕೇ ಎಂದು ಕೇಳಿದಳು.

ಹಳೆ ದೋಣಿ ತಂದವರಿಗೆ ನಾನೂ ಹೇಳಿದ್ದುಂಟು:
ಒಂದು ಹಲಗೆ ಮೆತ್ತಗಾಗಿದೆ. ಕಿತ್ತರೆ ಪಕ್ಕದವುಗಳ ಮೊಳೆ ಸಡಿಲ.
ಬಿಡಿ. ಇಳಿತಕ್ಕೊಮ್ಮೆ ಮಗ್ಗುಲಾಗಿಸಿ ನೋಡುತ್ತಿರಿ.
ಕಾರ್ದೆನಾಸನ ದೋಣಿ ಹಾಗೆಯೇ ಹನ್ನೊಂದು ವರ್ಷ ತೇಲಿ
ಮುಪ್ಪಾಗಿ ಒಲೆ ಸೇರಿತು; ಆ ಹಲಗೆಯೇ ಕೊನೆಯಲ್ಲಿ ಉರಿದದ್ದು.
ವರ್ಗಾಸನಿಗೂ ಅದೇ ಮಾತು ಹೇಳಿದ್ದೆ.
ಅವನ ವಿಷಯ ಊರಲ್ಲಿ ಯಾರೂ ನನ್ನೆದುರು ಎತ್ತುವುದಿಲ್ಲ.

ಅಣ್ಣ ಅರ್ತೇಮಿಯೊ ಪುಯೆರ್ತೊ ಮೋಂಟ್‌ಗೆ ಹೋಗಿ ಕೊಯ್ಸಿಕೊಂಡ.
ಎಪ್ಪತ್ತಾರು ಈಗ. ಬದುಕಿದ್ದಾನೆ, ಬಾಯಿತುಂಬ ಬೈಯುತ್ತಾನೆ,
ಆಲೂಗಡ್ಡೆ ಅಗೆಯಲು ಹೋದರೆ ಚೀಲದಲ್ಲಿ ಇನ್ನೊಂದು ಪ್ಯಾಂಟು.
ಮದುವೆಮನೆಯಲ್ಲಿ ಕುಣಿಯಲು ಕರೆದರೆ ಮೊಣಕಾಲು ನೋವು ಅನ್ನುತ್ತಾನೆ.
ಮೊಣಕಾಲಿಗೆ ಏನೂ ಆಗಿಲ್ಲ.

ರಾತ್ರಿ ಎದೂವಿನ ಕಾಗದವನ್ನು ಒಲೆಯ ಬೆಳಕಿಗೆ ಹಿಡಿದಳು.
ನೀಲಿಯವನ್ನು ಬೆರಳಿಟ್ಟು ಎಣಿಸಿದಳು, ನಡುವೆ ತಪ್ಪಿತು, ಮತ್ತೆ ಮೊದಲಿಂದ.
"ಬಟ್ಟೆ ಒಗೆಯೋದು ನನಗೆ ಹೊಸತಲ್ಲ" ಎಂದಳು.
"ಒಬ್ಬಳೇ ಉಣ್ಣೋದು ಹೊಸತು."
ಇನ್ನೊಂದರ ಮಾತು ಎತ್ತಲಿಲ್ಲ.
ದೀಪ ಆರಿದ ಮೇಲೆ ತಣ್ಣನೆಯ ಪಾದ ತಂದು
ನನ್ನ ಮೀನಖಂಡಕ್ಕೆ ಒತ್ತಿದಳು, ಎಂದಿನಂತೆ.
ಅದನ್ನು ಯಾವ ಬಣ್ಣದಲ್ಲಿ ಬರೆಯುವುದು?

ಮೂರು ತಿಂಗಳಿಗೆ ಮತ್ತೆ ರಕ್ತ. ಅಷ್ಟರೊಳಗೆ ಹೇಳಿ ಅಂದಿದ್ದಾಳೆ;
ಅವಸರವಿಲ್ಲ, ಮರೆಯಲೂಬೇಡಿ.
ಅವಸರವೂ ಇಲ್ಲದ ಮರೆವೂ ಇಲ್ಲದ ಆ ಜಾಗದಲ್ಲಿ
ಕುರ್ಚಿ ಎಲ್ಲಿ ಹಾಕಿಕೊಳ್ಳಬೇಕು ಮನುಷ್ಯ?

ಬೆಳಗ್ಗೆ ಸಮುದ್ರ ಹಿಂದೆ ಸರಿದಿತ್ತು.
ಕೆಸರಲ್ಲಿ ಮಗ್ಗುಲಾಗಿ ಮಲಗಿದ ದೋಣಿಯೊಂದನ್ನು
ಹಲಗೆ ಹಲಗೆ ತಟ್ಟುತ್ತ ಹೋದೆ.
ಒಳ್ಳೆ ಮರ ಠಣ್ ಅನ್ನುತ್ತದೆ, ಕೊಳೆತದ್ದು ದಬ್.
ಒಂದು ಕಡೆ ಎರಡೂ ಅಲ್ಲದ ಸದ್ದು.
ಕಿವಿಯಿಟ್ಟು ಮತ್ತೆ ತಟ್ಟಿದೆ.
ಯಜಮಾನ ಹಿಂದೆಯೇ ನಿಂತಿದ್ದ; ಹುಡುಗ, ಮೊದಲ ದೋಣಿ.
"ಏನಂತೀರಿ ಮೇಸ್ತ್ರಿ?"
ಉಬ್ಬರಕ್ಕೆ ಇನ್ನೂ ನಾಲ್ಕು ಗಂಟೆ ಇತ್ತು.
"ನಿನ್ನ ಹತ್ರ ಒಂದು ಕಾಗದ ಇದೆಯಾ?" ಎಂದೆ.