ಕೈನಕ್ಷೆ

ಗೈಡ್ ಬೇಡ ಎನ್ನುವವರಿಗೆಂದು
ನಾನು ಬರೆದಿಟ್ಟ ಹಾಳೆ ಇದು.
ಕಾಫಿ ಲೆಕ್ಕದ ಪುಸ್ತಕದಿಂದ ಹರಿದದ್ದು,
ಹಿಂಬದಿಗೆ ಇನ್ನೂ ಇದೆ:
ಹಣ್ಣು ಹನ್ನೊಂದು ಮೂಟೆ, ಬಾಕಿ ಇನ್ನೂರು.

ಕಕ್ಕಬೆಯ ಸೇತುವೆ ದಾಟಿ ಬಲಕ್ಕೆ.
ಡಾಂಬರು ಮುಗಿಯುವಲ್ಲಿ ಒಂದು ಹಲಸು,
ಸಿಡಿಲು ಬಡಿದ ಕಡೆ ಕಪ್ಪು, ಇನ್ನೊಂದು ಕಡೆ ಕಾಯಿ.
ಅಲ್ಲೊಂದು ನಾಯಿ ಬೊಗಳುತ್ತದೆ, ಕಚ್ಚುವುದಿಲ್ಲ.
ಕಚ್ಚಿದರೆ ಅದು ಬೇರೆ ನಾಯಿ,
ನೀವು ದಾರಿ ತಪ್ಪಿದ್ದೀರಿ.
ಅರಮನೆಯ ಹತ್ತಿರ ನೀರು ತುಂಬಿಕೊಳ್ಳಿ.
ಕಾಲುಚೀಲಕ್ಕೆ ಉಪ್ಪು, ಸುಣ್ಣ;
ಉಂಬಳಗಳಿಗೆ ನಕ್ಷೆ ಬೇಕಿಲ್ಲ.
ಮೊದಲ ತೊರೆ, ಎರಡನೇ ತೊರೆ, ಆಮೇಲೆ ಹುಲ್ಲು.
ಗಾಳಿ ನಿಮ್ಮ ಟೋಪಿ ಕೇಳಿದರೆ
ತಡಿಯಂಡಮೋಳು ಹತ್ತಿರ ಬಂತೆಂದು ಲೆಕ್ಕ.
ಮಂಜು ಮುಸುಕಿದರೆ ಕೂತುಬಿಡಿ.
ಏಳಕ್ಕೆ ಕಡಂಬುಟ್ಟು ಹಬೆಯಿಂದ ಇಳಿಯುತ್ತದೆ.

ಯಾರಿಗೂ ಹೇಳದ್ದು ಒಂದಿದೆ.
ಆ ಬೆಟ್ಟ ನಾನು ಹತ್ತಿಲ್ಲ.
ಹದಿನೆಂಟು ವರ್ಷದಿಂದ ಅದು ಅಡುಗೆಮನೆ ಕಿಟಕಿಯಲ್ಲಿದೆ,
ಒಲೆಯ ಮೇಲೆ ಪಂದಿಕರಿ ಇದೆ,
ಬೆನ್ನು ಯಾವುದಕ್ಕೆ ತೋರಿಸಲಿ?
ಹೋಗಿ ಬಂದವರು ಬೆರಳು ನೆಕ್ಕುತ್ತ ಹೇಳಿದ್ದನ್ನು
ರಾತ್ರಿ ಪೆನ್ಸಿಲ್ ಹಿಡಿದು ಸೇರಿಸಿದೆ.
ಮೂರು ಬಂಡೆ ಮಂಡ್ಯದ ಅಕ್ಕತಂಗಿಯರದು.
ಎರಡನೇ ತೊರೆ ಪುಣೆಯ ಹಲ್ಲುವೈದ್ಯನದು.

ಅಕ್ಟೋಬರಿನಲ್ಲಿ ರೈನ್‌ಹಿಲ್ಡ ಬಂದಳು,
ಎಪ್ಪತ್ತೆರಡು, ಒಬ್ಬಳೇ, ಕೈಯಲ್ಲಿ ಎರಡು ಕೋಲು.
ನನ್ನ ಇಂಗ್ಲಿಷೂ ಅವಳದೂ ಕುಂಟುತ್ತಲೇ ಸಿಕ್ಕಿದವು.
ದಾರಿ ತಪ್ಪಿದರೆ? ಎಂದೆ.
ತಪ್ಪುವುದಕ್ಕೇ ರಜೆ, ಎಂದಳು.
ಏಳೂ ಮುಕ್ಕಾಲಿಗೆ ಟಾರ್ಚು ಗೇಟಿನೊಳಗೆ ಬಂತು.
ಆ ಮುಕ್ಕಾಲು ಗಂಟೆ ನಾನು ಏನು ಬೇಯಿಸಿದೆನೋ ನೆನಪಿಲ್ಲ.

ಕಡಂಬುಟ್ಟನ್ನು ಅಂಗೈಯಲ್ಲಿ ತಿರುಗಿಸಿ ನೋಡಿ
ಕ್ನೋಡೆಲ್, ಎಂದಳು.
ಬಿಕ್ಕಳಿಕೆ ಎಂದುಕೊಂಡು ನೀರು ಕೊಟ್ಟೆ.
ಅಲ್ಲ, ಅವಳ ಅಮ್ಮನ ಉಂಡೆಯಂತೆ:
ತುರಿದ ಆಲೂಗಡ್ಡೆ, ಬಟ್ಟೆಯಲ್ಲಿ ಹಿಂಡಿ,
ನಡುವೆ ಬೆಣ್ಣೆಯಲ್ಲಿ ಹುರಿದ ಬ್ರೆಡ್ಡಿನ ಚೂರು ಅಡಗಿಸಿ,
ಭಾನುವಾರ, ಹಂದಿಮಾಂಸದ ಪಕ್ಕಕ್ಕೆ.
ಮರುದಿನ ಸೆರಗಿಲ್ಲದ ಮೈಗೆ ನನ್ನ ಏಪ್ರನ್ ಕಟ್ಟಿಕೊಂಡಳು.
ಮೊದಲ ಪಾತ್ರೆ ಪೂರ್ತಿ ಗಂಜಿಯಾಯಿತು.
ಮಡಿಕೇರಿ ಸಂತೆಯ ಆಲೂಗಡ್ಡೆಗೆ ಜರ್ಮನ್ ಬರುವುದಿಲ್ಲ.
ಒಂದು ಹಿಡಿ ನಮ್ಮ ಅಕ್ಕಿತರಿ ಹಾಕಿದೆ,
ಕಚ್ಚಿಕೊಂಡಿತು.
ಮೇಲೆ ಕಾಚಂಪುಳಿಯ ಕಪ್ಪು ಸಾರು.
ಒಂದು ತುತ್ತು ತಿಂದು ಕಣ್ಣು ಮುಚ್ಚಿ ಕೂತಳು, ಬಹಳ ಹೊತ್ತು.
ಹುಳಿಯಿರಬಹುದು, ನಾನು ಕೇಳಲಿಲ್ಲ.

ಹೊರಡುವಾಗ ಹಾಳೆಯ ಮೇಲೆ ಬೆರಳಿಟ್ಟು,
ಈ ಎರಡನೇ ತೊರೆ ಇಲ್ಲವಲ್ಲ, ಎಂದಳು.
ನಾಲ್ಕು ವರ್ಷ!
ಇಲ್ಲದ ತೊರೆ ದಾಟಿ ಬಂದವರೆಲ್ಲ
ನನ್ನ ಬೆಂಚಿನಲ್ಲಿ ಕೂತು ಉಂಡು ಹೋದರು.

ಜೋಯಿಗೆ ಒಲೆ ಒಪ್ಪಿಸಿ ಹೊರಟೆ.
ಬುತ್ತಿಗೆ ಒಟ್ಟಿ, ಎಳ್ಳು ಪಜ್ಜಿ, ತಣ್ಣಗಿನ ಕ್ನೋಡೆಲ್ ಎರಡು.
ಹಲಸಿನ ನಾಯಿ ಬೊಗಳಲೇ ಇಲ್ಲ,
ಪಂದಿಕರಿಯ ವಾಸನೆ ಹಿಡಿದು ಹಿಂದೆಯೇ ಬಂತು.
ನಕ್ಷೆಯ ಮೊದಲ ಗುರುತೇ ಸುಳ್ಳು.
ಮೊದಲ ತೊರೆ ಇತ್ತು, ಕಾಲು ಕೊರೆಯುವಷ್ಟು.
ಎರಡನೆಯದಿರಬೇಕಾದಲ್ಲಿ ಬರಿಯ ಕಲ್ಲು,
ಕಲ್ಲಿನಡಿ ಎಲ್ಲೋ ನೀರಿನ ಸದ್ದು,
ಅಥವಾ ನನ್ನ ಕಿವಿಯದೇ.
ಅಲ್ಲೇ ಕೂತು ಉಂಡೆ ಮುರಿದೆ.
ನಡುವಿನ ಬ್ರೆಡ್ಡಿನ ಚೂರು ನಾಯಿಗೆ.
ಅಳಿಸೋಣವೆಂದರೆ ರಬ್ಬರು ತಂದಿರಲಿಲ್ಲ.

ಕೆಳಗೆ ಒಂದು ಹೊಗೆ,
ನಮ್ಮ ಮನೆಯದೋ ಪಕ್ಕದವರದೋ.
ಮೇಲೆ ಹುಲ್ಲು ಶುರುವಾಗಿತ್ತು.
ಗಾಳಿ ನನ್ನ ತಲೆವಸ್ತ್ರ ಕೇಳಿತು.
ಗಂಟು ಬಿಗಿದುಕೊಂಡೆ.