ಅಚ್ಚಾಗದ ಹೆಸರು

ಜೂನಿನಲ್ಲಿ ಸೇತುವೆ ಮುಚ್ಚಿದರು.
ಅರ್ಜಿ ಹಾಕುವ ಗಡುವು ಏಪ್ರಿಲಿನಲ್ಲೇ ಮುಗಿದಿತ್ತು.
ಸಿಟ್ಟಿಗೆ ಪಂಚಾಂಗ ನೋಡಿ ಬರುವ ರೂಢಿಯಿಲ್ಲ.

ಹೊಳೆಯ ಆಚೆ ಶಾಲೆ, ಈಚೆ ಮಕ್ಕಳು,
ನಡುವೆ ಈಗ ಇಪ್ಪತ್ತೆರಡು ಮೈಲಿ ಸುತ್ತು.
ಮೂವತ್ತೊಂದು ವರ್ಷ ಹಳದಿ ಬಸ್ಸು ಓಡಿಸಿದ ವಿಯೆನೊ
ಒಂದು ಮುಂಜಾನೆ, ಎಂಜಿನ್ ಆರಿಸದೆ,
ಕಿಟಕಿಯಿಂದ ತಲೆ ಹೊರಹಾಕಿ ಹೇಳಿದಳು:
"ಶಾಸನಸಭೆಗೆ ನಿಲ್ಲುತ್ತೇನೆ.
ನಿನ್ನ ಅಕ್ಷರ ದುಂಡಗಿದೆ, ಬಾ."

ಕಿರಾಣಿ ಅಂಗಡಿಯಲ್ಲಿ ಬೆಲೆಚೀಟಿ ಬರೆಯುವವಳು ನಾನು.
ಮಿಷಿಗನ್ನಿನ ಈ ಉತ್ತರದ ತುದಿಯಲ್ಲಿ
ಆಲೂಗಡ್ಡೆಯ ಮೇಲೆ ನನ್ನ ಕೈಬರಹವನ್ನು
ಓದದವರಿಲ್ಲ.

ಮತಪತ್ರದಲ್ಲಿ ಅಚ್ಚಾದ ಹೆಸರು ಒಂದೇ.
ಅದರ ಕೆಳಗೊಂದು ಖಾಲಿ ಗೆರೆ,
ಕೊನೆಯ ಪಂಕ್ತಿಯ ಎಲೆಯ ಹಾಗೆ:
ಬಡಿಸಿದರೆ ಬಡಿಸಿದರು.
ಅಲ್ಲಿ ಬರೆಯಬೇಕು,
ವಿಯೆನೊ ಕಂಗಸ್ನಿಯೆಮಿ.
ಅವಳ ಗಂಡನ ಅಜ್ಜ ಫಿನ್ಲೆಂಡಿನಿಂದ ತಾಮ್ರದ ಗಣಿಗೆ ಬರುವಾಗ
ಹೊತ್ತು ತಂದದ್ದು ಇದೊಂದೇ ಆಸ್ತಿ,
ಅದೂ ಇಷ್ಟುದ್ದ.

ನಮ್ಮ ಪ್ರಚಾರದಲ್ಲಿ ಭಾಷಣವಿರಲಿಲ್ಲ, ಕಾಗುಣಿತವಿತ್ತು.
ಕಾಫಿ ಡಬ್ಬಿಯಲ್ಲಿ ಚಂದಾ, ಜೇಬಿನಲ್ಲಿ ಚೀಟಿ,
ಬಾಗಿಲು ಬಾಗಿಲಲ್ಲಿ ನಿಂತು ವಿ, ಐ, ಇ, ಎನ್, ಓ.
ಸೌನಾದ ಹಬೆಯಲ್ಲಿ ಬೆತ್ತಲೆ ಕೂತ ಆರು ಮುದುಕರು
ಕಾದ ಕಲ್ಲಿಗೆ ನೀರೆರಚುತ್ತ ಒಪ್ಪಿಸಿದರಂತೆ: ಕೆ, ಎ, ಎನ್, ಜಿ.
ಎಸ್ ಮರೆತ ಆರ್ವಿಡ್‌ನನ್ನು
ಹೊರಗೆ ಹಿಮಕ್ಕೆ ಕಳಿಸಿದರಂತೆ.

"ಗೆಲ್ಲುವ ಹೆಸರಾಗಿದ್ದರೆ ಅಚ್ಚಾಗಿಯೇ ಬರುತ್ತಿತ್ತಲ್ಲ,"
ಎಂದು ಬಾಗಿಲು ಹಾಕಿಕೊಂಡವರೂ ಇದ್ದರು.

ಡೋರೀನ್ ಲೂನ್ಸ್‌ಫೂಟ್ ಅರ್ಧ ತೆರೆದಳು.
"ನನ್ನಜ್ಜಿಯ ಹೆಸರನ್ನು ಸರ್ಕಾರ ನಾಲ್ಕು ಬಗೆಯಾಗಿ ಬರೆಯಿತು.
ನಾಲ್ಕೂ ತಪ್ಪು.
ತಿದ್ದಿಸುವುದಕ್ಕೆ ಯಾರೂ ಹೀಗೆ ಮನೆಗೆ ಬರಲಿಲ್ಲ."
ಚೀಟಿ ಹಿಡಿದ ಕೈಯನ್ನು ಇಳಿಸಿದೆ.
ಅವಳೇ ಇಸಿದುಕೊಂಡಳು.
"ಆ ಬಸ್ಸು ನನ್ನ ಮೊಮ್ಮಗನಿಗಾಗಿ ಕಾಯುತ್ತದೆ."

ಒಂದು ಮಾತನ್ನು ಮಾತ್ರ ನೂರು ಸಲ ಹೇಳಿದೆ:
ಹೆಸರು ಬರೆದರೆ ಸಾಲದು,
ಪಕ್ಕದ ಪುಟ್ಟ ಮೊಟ್ಟೆಯನ್ನು ಕಪ್ಪು ಮಾಡಿ.
ಮೊಟ್ಟೆ ಬಿಳಿಯಿದ್ದರೆ
ಯಂತ್ರದ ಪಾಲಿಗೆ ಆ ಗೆರೆ ಖಾಲಿಯೇ.

ನವೆಂಬರ್. ಎಣಿಕೆಯ ಮೇಜಿನ ಆಚೆ ಕೈಕಟ್ಟಿ ನಿಂತೆ.
ಬಂತು ನೋಡಿ ಊರಿನ ಬರವಣಿಗೆ:
ವೀನೊ. ವಿಯೆನ್ನಾ. ವೈನು.
ಕಂಗಸ್ ಏನೋ ಒಂದು.
"ಬಸ್ಸಿನವಳು."
"ನನ್ನ ಕೈಗವಸು ಹುಡುಕಿಕೊಟ್ಟ ಹೆಂಗಸು" ಎಂದು ಇನ್ನೊಂದು,
ಗೆರೆ ಮೀರಿ ಕಾಗದದ ಅಂಚಿನ ತನಕ.
ಗುಮಾಸ್ತ ಕನ್ನಡಕ ಏರಿಸಿ, ಇಳಿಸಿ,
ಪಕ್ಕದವಳ ಮುಖ ನೋಡಿ,
ಕೆಲವನ್ನು ಎಡಕ್ಕಿಟ್ಟ, ಕೆಲವನ್ನು ಬಲಕ್ಕೆ.
ಬಲದ್ದು ಲೆಕ್ಕಕ್ಕಿಲ್ಲ.
ಕೈಗವಸು ಬಲಕ್ಕೆ ಹೋಯಿತು.

ಎರಡು ಸಾವಿರದ ನೂರ ಆರು.
ಅವನಿಗೆ ಹದಿನಾಲ್ಕು ಸಾವಿರ ಚಿಲ್ಲರೆ.
ವಿಯೆನೊ ಕೇಳಿ "ಹೂಂ" ಎಂದಳು.
ಐದಕ್ಕೆ ಏಳಬೇಕು, ಸುತ್ತು ದೂರ,
ಎಂದು ಮನೆಗೆ ಹೋದಳು.

ನಾನು ಕಾರಿನಲ್ಲೇ ಕೂತೆ, ಗಾಜಿಗೆ ಮಂಜು ಕಟ್ಟುವವರೆಗೆ.
ಬೆಳಿಗ್ಗೆ ಏಳೂಕಾಲು, ಮರೆಯ ಹಲಗೆಯ ಹಿಂದೆ ನಾನು.
ದುಂಡಗೆ ಬರೆದೆ, ಒಂದಕ್ಷರ ತಪ್ಪದೆ.
ಎರಡು ಸಲ ಓದಿಕೊಂಡೆ.
ಅಷ್ಟುದ್ದದ ಹೆಸರು ಅಷ್ಟು ಚಿಕ್ಕ ಗೆರೆಯಲ್ಲಿ
ಇಕ್ಕಟ್ಟಿಲ್ಲದೆ ಕೂತಿತ್ತಲ್ಲ ಎಂದು
ಬೀಗಿದ್ದೂ ನಿಜ.
ಆಮೇಲೆ ಮೊಟ್ಟೆ?
ಕಪ್ಪು ಮಾಡಿದೆನೇ?

ಪೆನ್ನಿನ ಮುಚ್ಚಳ ಹಾಕಿದ ನೆನಪಿದೆ.
ಹಿಂದೆ ಸಾಲಿನಲ್ಲಿ
ಯಾರೋ ಕೆಮ್ಮಿದ ನೆನಪಿದೆ.