ಕುರಿ ನಂಬರು ನಾನೂರ ಹದಿನೇಳು

ಮೊಖೊಟ್ಲೊಂಗಿನ ಉಣ್ಣೆ ಶೆಡ್ಡಿನಲ್ಲಿ
ತಗಡಿನ ಗೋಡೆಗೊರಗಿ ಕೂತಿದೆ ಹಳೆಯದೊಂದು ಕಂಪ್ಯೂಟರು.
ಕೀಲಿಗಳ ಸಂದಿಗೆಲ್ಲ ಉಣ್ಣೆಯೆಳೆ ಹೊಕ್ಕು
ಒತ್ತಿದ್ದು ಎರಡೆರಡು ಸಲ ಮೂಡುತ್ತದೆ,
ಇಲ್ಲವೆ ಮೂಡುವುದೇ ಇಲ್ಲ.
ಕಂಬಳಿ ಹೊದ್ದ ಸೆಖೊನ್ಯಾನಾ
ತಕ್ಕಡಿ ನೋಡಿ, ಕನ್ನಡಕ ಏರಿಸಿ, ಒಂಟಿ ಬೆರಳಲ್ಲಿ ಬರೆಯುತ್ತಾನೆ:
ಮೂರು ಕಿಲೊ ಇನ್ನೂರು.

ಕೆಳಗೆ, ಇಡೀ ಒಂದು ದಿನದ ಬಸ್ಸು ದಾರಿ, ಮಸೇರು.
ಹೆಸರಿನೊಳಗೇ ಒಂದು ಸೇರು ಇಟ್ಟುಕೊಂಡ ಊರು,
ಅಳೆಯದೆ ಬಿಟ್ಟೀತೆ?
ಅಲ್ಲಿ ಕಚೇರಿಯ ಹುಡುಗಿ ಬ್ರೌಸರು ತೆರೆದು
ದುಡ್ಡು ಯಾರಿಗೆ ಎಂದು ನೋಡುತ್ತಾಳೆ.

ಮೇಲೆ, ಮೋಡಕ್ಕಿಂತ ಮೇಲೆ, ಕಲ್ಲುಗುಡಿಸಲಿನಲ್ಲಿ
ಮೊಯಿಕೇಟ್ಸಿಯ ಅಂಗಿಯೊಳಗೊಂದು ಫೋನು.
ಚಳಿಗೆ ಬ್ಯಾಟರಿ ಸಾಯಬಾರದೆಂದು
ಎಳೆಮರಿಗಳನ್ನು ಇಟ್ಟುಕೊಳ್ಳುವ ಜಾಗದಲ್ಲೇ
ಎದೆಗವುಚಿಕೊಂಡಿದ್ದಾನೆ.

ಮೂರು ಬಾಗಿಲು, ಒಳಗೆ ಒಂದೇ ಕೋಣೆ.
ಹಾಗೆಂದೇ ಕಟ್ಟಿದ್ದಳು ಲಿನೆಯೊ.
ನಾನೂರ ಹದಿನೇಳು ಮಾತ್ರ ಒಳಗೆ ನಿಲ್ಲಲೊಲ್ಲದು.
ಬೆಳಿಗ್ಗೆ ಅದರ ಒಡತಿ ಮಾಲೆರಾಟೊ.
ಸಂಜೆ, ಗುಡ್ಡದಂಚಿಗೆ ಸಿಗ್ನಲ್ಲು ತಾಗಿದೊಡನೆ, ಒಡೆಯ ಮೊಯಿಕೇಟ್ಸಿ.
ಮರುದಿನ ಮತ್ತೆ ಮಾಲೆರಾಟೊ.
ಲಾಗಿನಲ್ಲಿ ಹತ್ತೊಂಬತ್ತು ಸಲ ಕೈ ಬದಲಿಸಿದೆ,
ಕುರಿ ಒಮ್ಮೆಯೂ ಬೇಲಿ ದಾಟಿಲ್ಲ.
ಕೊನೆಗೆ ಬರೆದವನೇ ಗೆದ್ದ, ಇದು ಯಂತ್ರದ ನ್ಯಾಯ.
ಕಚೇರಿಯವರದು ಇನ್ನೂ ಚಿಕ್ಕದು:
ಹುಡುಗ ಕಳ್ಳ.

ಲಿನೆಯೊ ಬಂದಳು,
ವ್ಯಾನಿನ ಹಿಂದೆ ಕೇಬಲ್ಲಿನ ಪೆಟ್ಟಿಗೆ ಕುಣಿಸಿಕೊಂಡು.
ಯಾರದು ಕುರಿ?
'ನಂದು' ಅಂದಳು ಮಾಲೆರಾಟೊ, ಬಟಾಣಿ ಸುಲಿಯುತ್ತ.
'ನಂದು' ಅಂತು ಫೋನು, ಕರಕರ ಸದ್ದಿನ ನಡುವೆ.
ಇಬ್ಬರ ದನಿಯಲ್ಲೂ ಜಗಳವಿಲ್ಲ.

'ಮಾಫಿಸಾ' ಅಂದ ಸೆಖೊನ್ಯಾನಾ,
ಮಗುವಿಗೆ ನೀರು ಅಂದರೇನೆಂದು ಹೇಳುವವನ ಹಾಗೆ.
ಕುರಿ ಅವಳದು. ಸಾಕುವವನು ಅವನು. ಉಣ್ಣೆ ಅವನದು.
ಸತ್ತರೆ ತೊಗಲು ತಂದು ತೋರಿಸಬೇಕು.
ಅಷ್ಟೆ.

ಕೀಬೋರ್ಡಿನಡಿಯಿಂದ ಎಳೆದ ಒಂದು ನೋಟುಬುಕ್ಕು.
ಉಣ್ಣೆಯ ಜಿಡ್ಡು, ಪೆನ್ಸಿಲ್ಲಿನ ಮಸಿ.
ಪ್ರತಿ ಗೆರೆಯಲ್ಲೂ ಎರಡು ಹೆಸರು,
ಒಂದರ ಹೆಗಲ ಮೇಲೆ ಇನ್ನೊಂದು.
'ಮತ್ತೆ ನನಗೇಕೆ ಹೇಳಲಿಲ್ಲ?'
'ನಿನ್ನ ಪೆಟ್ಟಿಗೆ ಗಿಡ್ಡ ಇತ್ತು, ಮಗಳೆ.
ಒಂದೇ ಹೆಸರು ಹಿಡಿಸಿತು.'

ಅವಳಜ್ಜಿಯೂ ಕೊಟ್ಟಿದ್ದಳು ಹೀಗೇ ಎರಡು ಹಸು, ಪಕ್ಕದ ಕಣಿವೆಗೆ.
ಗೊತ್ತಿತ್ತು ಅವಳಿಗೆ.
ಕಲಿತ ಪುಸ್ತಕದಲ್ಲಿ ಮಾತ್ರ
ಮಾಲೀಕ ಅಂದರೆ ಏಕವಚನ.

ಕಾಲಂ ಸೇರಿಸುವುದು ಒಂದು ಸಾಲಿನ ಕೆಲಸ.
ಮೂರು ಬಾಗಿಲಿಗೂ ಅದನ್ನು ಹೇಳಿಕೊಡುವುದರಲ್ಲಿ
ಜನರೇಟರು ಎರಡು ಸಲ ಡೀಸೆಲ್ ಕುಡಿಯಿತು.
ಕಂಪ್ಯೂಟರು ಕಲಿಯಿತು. ಬ್ರೌಸರು ಕಲಿಯಿತು.
ಫೋನು ಮಾತ್ರ ದೂರ, ಹಿಮದೊಳಗೆ,
ಹಳೆಯ ಪಾಠವನ್ನೇ ಒಪ್ಪಿಸುತ್ತ.

ಹನ್ನೊಂದು ದಿನ ಸದ್ದಿಲ್ಲ.
ಹನ್ನೆರಡಕ್ಕೆ ಮೊಯಿಕೇಟ್ಸಿಯೇ ಇಳಿದು ಬಂದ,
ಭುಜದ ಮೇಲೆ ಮಡಚಿದ ತೊಗಲು.
ಮೇಜಿನ ಮೇಲೆ, ಕೇಬಲ್ಲಿನ ತುದಿಯಲ್ಲಿ,
ಕೂಡಿಟ್ಟದ್ದನ್ನೆಲ್ಲ ಕಕ್ಕಿತು ಫೋನು:
ಹಿಮ. ಹಿಮ. ಉಪ್ಪು ಮುಗಿಯಿತು. ಹಿಮ.
ನಾನೂರ ಹದಿನೇಳು ಇಲ್ಲ. ಮರಿ ಇದೆ.

ಶೆಡ್ಡಿನ ಪರದೆಯಲ್ಲಿ ಅದಿನ್ನೂ ಬದುಕಿತ್ತು, ತೂಕ ಸಮೇತ.
ಎರಡರಲ್ಲಿ ಯಾವುದನ್ನು ಇಟ್ಟುಕೊಳ್ಳಲಿ, ಯಂತ್ರ ಕೇಳಿತು.
ಸೆಖೊನ್ಯಾನಾ ತೊಗಲು ಬಿಡಿಸಿದ,
ಕಿವಿಯ ಬಿಲ್ಲೆಯನ್ನು ಹೆಬ್ಬೆರಳಲ್ಲಿ ಉಜ್ಜಿ ನೋಡಿದ,
ಕೀಲಿ ಒತ್ತಿದ.
ಎರಡು ಸಲ ಸತ್ತಿತು ಕುರಿ. ಒಂದನ್ನು ಅಳಿಸಬೇಕಾಯಿತು.

ಮರಿಗೆ ಹೊಸ ಸಾಲು.
ಎರಡು ಪೆಟ್ಟಿಗೆ, ಎರಡೂ ಖಾಲಿ, ಕರ್ಸರು ಮಿಣುಕುತ್ತಿದೆ.
ಎಲ್ಲರೂ ಮಾಲೆರಾಟೊ ಕಡೆ ತಿರುಗಿದರು.
ಅವಳು ನೋಡುತ್ತಿದ್ದುದು ಹುಡುಗನ ಅಂಗಿಯ ಉಬ್ಬನ್ನು.
ಫೋನು ಮೇಜಿನ ಮೇಲಿದೆ,
ಉಬ್ಬು ಮಿಸುಕುತ್ತಿದೆ.

'ತಡೀರಿ' ಅಂದಳು,
'ಮೊದಲು ಹಾಲು ಕುಡೀಲಿ.'